ಜನವರಿ ಫೋಟೋ ನೋಡಿ ಜಾಗ ತಗೋಬೇಡಿ: ನಮ್ಮ ಉತ್ತರ ಕನ್ನಡದಲ್ಲಿ ನೀರು ಕೆಡಿಸ್ದೆ ಸೈಟ್ ಕೊಳ್ಳೋದು, ಮನೆ ಕಟ್ಟೋದು ಹೇಗೆ

2020ರಲ್ಲಿ ಭೂ ಸುಧಾರಣಾ ಕಾಯ್ದೆಯಿಂದ 79ಎ, 79ಬಿ ತೆಗೆದು ಕೃಷಿಕರಲ್ಲದವ್ರೂ ಕೃಷಿ ಜಮೀನು ತಗೋಬಹುದು ಅಂತ ಆದ್ಮೇಲೆ ನಂಗೆ ಬೆಂಗಳೂರು, ಹುಬ್ಳಿಯಿಂದ ಫೋನ್ ಬರೋದು ಜಾಸ್ತಿ ಆಗಿದೆ. ಕುಮಟಾ ಗೋಕರ್ಣ ಕಡೆ ಒಂದೈದು ಗುಂಟೆ ನೋಡಿಡು ಮಾರಾಯ, ಸಿರಸಿ ಕಡೆ ಆದ್ರೂ ಅಡ್ಡಿಲ್ಲ ಅಂತ. ಜೊತೆಗೆ ಯಾರೋ ಏಜೆಂಟ್ ಕಳ್ಸಿದ ಫೋಟೋನೂ ಬರ್ತದೆ. ಒಣಗಿದ ಗದ್ದೆ, ನಾಲ್ಕು ತೆಂಗಿನ ಮರ, ಹಿಂದೆ ಹಸಿರು ಗುಡ್ಡ, ಬಿಸಿಲು ಚೆನ್ನಾಗಿ ಬಿದ್ದಿರ್ತದೆ. ಎಲ್ಲಾ ಫೋಟೋನೂ ಜನವರಿ ಫೆಬ್ರವರಿದೇ. ಆಷಾಢದಲ್ಲಿ ತೆಗೆದ ಒಂದ್ ಫೋಟೋ ಇವತ್ತಿನವರೆಗೂ ಯಾರೂ ಕಳ್ಸಿಲ್ಲ.

ಸಸ್ಟೇನಬಲ್ ಅನ್ನೋ ಪದ ಈಗ ಎಲ್ಲಾ ಲೇಔಟ್ ಬೋರ್ಡ್ ಮೇಲೂ ಕಾಣ್ತದೆ. 1987ರಲ್ಲಿ ನಾರ್ವೆಯ ಬ್ರಂಟ್‌ಲ್ಯಾಂಡ್ ಅವರ ನೇತೃತ್ವದ ವಿಶ್ವಸಂಸ್ಥೆ ಆಯೋಗ ಇದಕ್ಕೆ ಕೊಟ್ಟ ಅರ್ಥ ಸರಳ ಇದೆ, ಮುಂದಿನ ತಲೆಮಾರಿಗೆ ಬೇಕಾಗಿದ್ದನ್ನ ಕಸ್ಕೊಳ್ದೆ ನಮ್ಮ ಇವತ್ತಿನ ಅಗತ್ಯ ನಡೆಸ್ಕೊಳ್ಳೋದು. ನಮ್ಮ ಜಿಲ್ಲೆಯಲ್ಲಿ ಇದನ್ನ ಎಲ್ಲಿಂದ ಶುರು ಮಾಡ್ಬೇಕು ಅಂತ ಕೇಳಿದ್ರೆ ನಾನು ಹೇಳೋದು ನೀರಿಂದ. ಕರಾವಳಿಗೆ ವರ್ಷಕ್ಕೆ 3000 ಮಿಲಿಮೀಟರ್‌ಗೂ ಜಾಸ್ತಿ ಮಳೆ, ಅದ್ರಲ್ಲಿ ಹೆಚ್ಚುಕಮ್ಮಿ ಎಲ್ಲಾ ನಾಲ್ಕೇ ತಿಂಗಳಲ್ಲಿ ಸುರೀತದೆ, ಆಮೇಲೆ ಏಪ್ರಿಲ್ ಮೇ ಬಂತಂದ್ರೆ ಅದೇ ಊರಿಗೆ ಟ್ಯಾಂಕರ್ ಬರ್ತದೆ. ಬಂದ ನೀರು ಎಲ್ಲಿ ಇಳೀತದೆ, ಎಲ್ಲಿ ನಿಲ್ತದೆ, ಯಾವ ದಾರಿಯಲ್ಲಿ ಹೋಗ್ತದೆ ಅನ್ನೋದನ್ನ ತಪ್ಪಿಸಿ ಕಟ್ಟಿದ ಮನೆಗೆ ಆಮೇಲೆ ಸೋಲಾರ್ ಹಾಕಿ, ಮೇಲೆ ಗಾರ್ಡನ್ ಮಾಡಿ ಏನೂ ಪ್ರಯೋಜನ ಇಲ್ಲ.

ಇದು ನಂಗೆ ಗೊತ್ತಾಗಿದ್ದು ನಮ್ಮನೆ ಬಾವಿಯಿಂದ. ಕುಮಟಾ ತಾಲೂಕಲ್ಲಿ, ಸಮುದ್ರದಿಂದ ಒಂದೂವರೆ ಕಿಲೋಮೀಟರ್ ಒಳಗೆ ನಮ್ಮನೆ. ಅಜ್ಜ ತೋಡಿಸಿದ ಚಿರೆಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಬಾವಿ, ಮೇ ತಿಂಗಳಲ್ಲೂ ಎರಡು ಮೊಳ ನೀರು ಇರ್ತಿತ್ತು. ಪಕ್ಕದಲ್ಲಿ ಎರಡೂವರೆ ಎಕರೆ ಗದ್ದೆ. ಅದನ್ನ ಒಬ್ರು ತಗೊಂಡು ನಾಲ್ಕಡಿ ಕೆಂಪು ಮಣ್ಣು ಹೊಡ್ಸಿ ಲೇಔಟ್ ಮಾಡಿದ್ರು. ಗದ್ದೆ ನಡುವೆ ಒಂದು ಕಾಲುವೆ ಇತ್ತು, ಬೇಸಿಗೆಯಲ್ಲಿ ನೋಡಿದ್ರೆ ಸಣ್ಣ ಗಟಾರ ಇದ್ದಂಗೆ ಕಾಣೋದು, ಅದನ್ನೂ ಮುಚ್ಚಿದ್ರು. ಮೊದಲ ಮಳೆಗಾಲ ನಮ್ಮ ಅಂಗಳಕ್ಕೆ ಮೊಣಕಾಲು ನೀರು ಬಂತು, ತುಳಸಿ ಕಟ್ಟೆ ಮುಳುಗಿ ಕೊಟ್ಟಿಗೆಯಿಂದ ದನ ಬಿಚ್ಚಿ ಜಗಲಿಗೆ ತಂದು ಕಟ್ಟಿದ್ವಿ. ಅದು ಒಂದು ಕಥೆ. ನಿಜವಾದ ತೊಂದ್ರೆ ಶುರುವಾಗಿದ್ದು ಮೂರು ವರ್ಷ ಬಿಟ್ಟು, ಆ ಸೈಟ್‌ಗಳಲ್ಲಿ ಮನೆ ಎದ್ದು ಒಂದೊಂದಕ್ಕೂ ಒಂದೊಂದು ಬೋರ್ ಬಿದ್ಮೇಲೆ. ಏಪ್ರಿಲ್ ಕೊನೆ ವಾರ ಆಯಿ ಬೇಳೆ ಇಟ್ಟಿದ್ದು ಎಷ್ಟು ಹೊತ್ತಾದ್ರೂ ಬೇಯ್ಲಿಲ್ಲ. ಬೇಳೆ ಹಳೇದು ಅಂದ್ಕೊಂಡು ಬೇರೆ ತಂದ್ರು, ಅದೂ ಬೇಯ್ಲಿಲ್ಲ. ಮರುದಿನ ತಂಬಿಗೆ ನೀರು ಬಾಯಿಗೆ ಹಾಕಿದ್ಮೇಲೆ ಗೊತ್ತಾಯ್ತು, ನೀರು ಸವಳಾಗಿದೆ ಅಂತ. ಐವತ್ತು ವರ್ಷ ಕುಡಿದ ಬಾವಿ.

ಯಾಕೆ ಹೀಗಾಗ್ತದೆ ಅಂತ ತಿಳ್ಕೊಳ್ಳೋದು ಮುಖ್ಯ. ಕರಾವಳಿಯಲ್ಲಿ ಮಳೆಯಿಂದ ಇಂಗಿದ ಸಿಹಿನೀರು ಭೂಮಿ ಒಳಗೆ ಉಪ್ಪುನೀರಿನ ಮೇಲೆ ತೇಲ್ತಾ ಇರ್ತದೆ, ಸಿಹಿನೀರು ಹಗುರ, ಉಪ್ಪುನೀರು ಭಾರ. ಸಮುದ್ರ ಮಟ್ಟಕ್ಕಿಂತ ಸಿಹಿನೀರು ಒಂದಡಿ ಎತ್ತರ ಇದ್ರೆ ಕೆಳಗೆ ಸುಮಾರು 40 ಅಡಿ ಉಪ್ಪುನೀರನ್ನ ತಳ್ಳಿ ಇಟ್ಟಿರ್ತದೆ ಅಂತ ಲೆಕ್ಕ. ಅಂದ್ರೆ ನಾವು ಬೋರ್ ಹಾಕಿ ಪಂಪ್ ಮಾಡಿ ಆ ಮಟ್ಟ ಒಂದಡಿ ಇಳಿಸಿದ್ರೆ ಕೆಳಗಿಂದ ಉಪ್ಪು 40 ಅಡಿ ಮೇಲೆ ಬರೋಕೆ ದಾರಿ ಆಯ್ತು. ಗದ್ದೆ ಇದ್ದಾಗ ನಾಲ್ಕು ತಿಂಗಳು ನೀರು ನಿಂತು ಇಂಗ್ತಿತ್ತು, ಆ ಇಂಗೋದನ್ನ ನಿಲ್ಸಿ, ಮೇಲಿಂದ ಎಳಿಯೋದನ್ನ ಜಾಸ್ತಿ ಮಾಡಿದ್ರೆ ಬಾವಿ ಇನ್ನೇನಾಗ್ಬೇಕು.

ಹಂಗಾಗಿ ಜಾಗ ನೋಡೋಕೆ ಹೋಗೋದಾದ್ರೆ ಎರಡು ಸಲ ಹೋಗಿ, ಒಂದ್ಸಲ ಜುಲೈನಲ್ಲಿ ಜೋರು ಮಳೆ ಹೊಡೀತಾ ಇರೋವಾಗ, ಇನ್ನೊಂದ್ಸಲ ಮೇ ಎರಡನೇ ವಾರದಲ್ಲಿ. ಅಡ್ವಾನ್ಸ್ ಕೊಟ್ಬಿಡಿ ಬೇರೆಯವ್ರು ಕಾಯ್ತಿದ್ದಾರೆ ಅಂತ ಅವಸರ ಮಾಡೋರಿದ್ರೆ ಆ ಜಾಗ ಬಿಟ್ಬಿಡಿ. ಮಳೆಯಲ್ಲಿ ಹೋದಾಗ ಜಾಗದ ಮೇಲಿನ ತುದಿಯಲ್ಲಿ ನಿಂತು ನೀರು ಎಲ್ಲಿಂದ ಒಳಗೆ ಬರ್ತದೆ ನೋಡಿ, ಅದರ ಜೊತೆಗೇ ಕೆಳಗೆ ನಡೀತಾ ಹೋಗಿ, ಎಲ್ಲಿ ಹೊರಗೆ ಹೋಗ್ತದೆ ನೋಡಿ, ಆ ದಾರಿಗೆ ನಾಲ್ಕು ಗೂಟ ಹೊಡೀರಿ. ಮನೆ ಪ್ಲಾನ್ ಬರ್ಸೋವಾಗ ಆ ಗೂಟಗಳ ನಡುವೆ ಏನೂ ಬರಬಾರ್ದು, ಕಂಪೌಂಡ್ ಗೋಡೆನೂ. ಕೆಸು ದಟ್ಟವಾಗಿ ಬೆಳೆದ ಕಡೆ, ಕೇದಗೆ ಜಾತಿಯ ಮುಂಡಿಗೆ ಪೊದೆ ಇರೋ ಕಡೆ ನೆಲ ವರ್ಷ ಪೂರ್ತಿ ಹಸಿ ಅಂತ ಅರ್ಥ, ಅಲ್ಲಿ ಪಾಯ ಹಾಕೋಕೆ ಹೋಗ್ಬೇಡಿ. ಪಕ್ಕದ ಮನೆಗೆ ಹೋಗಿ ವಯಸ್ಸಾದವ್ರು ಯಾರಾದ್ರೂ ಇದ್ರೆ ಕೂತು ಮಾತಾಡ್ಸಿ, ನೆರೆ ಬಂದಾಗ ನೀರು ಎಲ್ಲಿವರೆಗೆ ಬಂದಿತ್ತು ಅಂತ ಅವ್ರು ಗೋಡೆ ಮೇಲೆ ಕೈಯಿಟ್ಟು ತೋರಿಸ್ತಾರೆ. ಮೇನಲ್ಲಿ ಹೋದಾಗ ಸುತ್ತಲಿನ ಮೂರು ಬಾವಿ ನೀರು ಕುಡಿದು ನೋಡಿ.

ಗುಡ್ಡದ ಬುಡದ ಜಾಗ ಆದ್ರೆ ಇನ್ನೂ ಹುಷಾರು. 2009ರ ಅಕ್ಟೋಬರ್‌ನಲ್ಲಿ ಕಾರವಾರ ಹತ್ರ ಕಡವಾಡದಲ್ಲಿ ಗುಡ್ಡ ಕುಸಿದು ಮನೆಗಳೇ ಮಣ್ಣಡಿ ಹೋದ್ವು, 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ತೋಟ ಮನೆ ರಸ್ತೆ ಎಲ್ಲಾ ಜಾರಿತು, 2024ರ ಜುಲೈ 16ಕ್ಕೆ ಅಂಕೋಲಾ ತಾಲೂಕಿನ ಶಿರೂರಲ್ಲಿ ಹೈವೇ 66ರ ಮೇಲೆ ಬಿದ್ದ ಗುಡ್ಡ ಗಂಗಾವಳಿ ನದಿವರೆಗೆ ಹೋಯ್ತು, ಆ ದಿನಗಳನ್ನ ನಮ್ಮ ಕಡೆಯವ್ರು ಯಾರೂ ಮರ್ತಿಲ್ಲ. ನಮ್ಮ ಗುಡ್ಡಗಳ ಮೇಲೆ ಗಟ್ಟಿ ಚಿರೆಕಲ್ಲಿನ ಹೊದಿಕೆ ಇರ್ತದೆ, ಅದರ ಕೆಳಗೆ ಬಿಳಿ, ಹಳದಿ, ಗುಲಾಬಿ ಬಣ್ಣದ ಮೆತ್ತನೆ ಶೇಡಿ ಮಣ್ಣು. ಒಣಗಿದ್ದಾಗ ಅದು ಗೋಡೆ ಹಂಗೆ ನಿಲ್ತದೆ, ನೀರು ಕುಡೀತು ಅಂದ್ರೆ ಬೆಣ್ಣೆ ಹಂಗೆ ಜಾರ್ತದೆ. ಜೆಸಿಬಿ ತಂದು ಗುಡ್ಡದ ಬುಡವನ್ನ ನೆಟ್ಟಗೆ ಕಡಿದು ಸಮತಟ್ಟು ಮಾಡಿದ್ರೆ ಆ ಶೇಡಿನೇ ಬಯಲಿಗೆ ಬೀಳ್ತದೆ. ಹಾಗೆ ನೆಟ್ಟಗೆ ಕಡಿದ ದರೆ ಕೆಳಗೆ ಸೈಟ್ ಇದ್ರೆ, ವ್ಯೂ ಎಷ್ಟೇ ಚೆನ್ನಾಗಿರ್ಲಿ, ರೇಟ್ ಎಷ್ಟೇ ಕಮ್ಮಿ ಇರ್ಲಿ, ತಗೋಬೇಡಿ. ಕಡೀಲೇಬೇಕು ಅಂದ್ರೆ ನಮ್ಮ ತೋಟಿಗರು ಮಾಡ್ದಂಗೆ ಮೆಟ್ಟಿಲು ಮೆಟ್ಟಿಲಾಗಿ ಕಡೀರಿ, ದರೆ ನೆತ್ತಿಯಲ್ಲಿ ನೀರು ಆಚೆ ತಿರುಗೋಕೆ ಗಟ್ಟಿ ಕಾಲುವೆ ಮಾಡಿ, ಕಟ್ಟಿದ ತಡೆಗೋಡೆಗೆ ನೀರು ಸೋರೋ ತೂತು ಬಿಡಿ. ಇನ್ನೊಂದು ಮಾತು, ಇಂಗುಗುಂಡಿ ಒಳ್ಳೇದು ಅಂತ ಹೇಳಿ ದರೆ ತಲೆ ಮೇಲೆ ಇಂಗುಗುಂಡಿ ತೋಡೋರಿದ್ದಾರೆ, ಅದು ದರೆಗೆ ನಾವೇ ನೀರು ಕುಡ್ಸಿದಂಗೆ. ಇಂಗಿಸೋದೇನಿದ್ರೂ ಸಪಾಟು ಜಾಗದಲ್ಲಿ, ದರೆಯಿಂದ ದೂರ.

ಕಾಗದ ಪತ್ರದ ವಿಷಯಕ್ಕೆ ಬರೋಣ. ಇದೂ ಪರಿಸರದ ವಿಷಯನೇ, ಯಾಕಂದ್ರೆ ನಮ್ಮ ಜಿಲ್ಲೆಯಲ್ಲಿ ಕಾಡು ಯಾವುದು ಜಮೀನು ಯಾವುದು ಅನ್ನೋದು ಕಣ್ಣಿಗೆ ಕಾಣಲ್ಲ, ಪಹಣಿಯಲ್ಲೇ ಕಾಣ್ಬೇಕು. ಸಿರಸಿ ಸಿದ್ದಾಪುರ ಯಲ್ಲಾಪುರ ಕಡೆ ತೋಟದ ಜೊತೆ ಬೆಟ್ಟನೂ ಬರ್ತದೆ, ಅಲ್ಲೊಂದು ಕಾಟೇಜ್ ಹಾಕ್ಬಹುದು ಅಂತ ಹೇಳಿ ಮಾರೋರಿದ್ದಾರೆ. ಸೊಪ್ಪಿನ ಬೆಟ್ಟ ಅಂದ್ರೆ ಅಡಿಕೆ ತೋಟಕ್ಕೆ ಸೊಪ್ಪು, ದರಕು ತರೋಕೆ ಕೊಟ್ಟ ಸೌಲಭ್ಯ, ಮನೆ ಕಟ್ಟೋಕೆ ಕೊಟ್ಟ ಜಾಗ ಅಲ್ಲವೇ ಅಲ್ಲ. ಅತಿಕ್ರಮಣ ಜಾಗವನ್ನ ಬರೀ ಬಾಂಡ್ ಪೇಪರ್ ಮೇಲೆ ಬರ್ಕೊಡೋರೂ ಇದ್ದಾರೆ, ಅದಕ್ಕೆ ಕೈ ಹಾಕ್ಬೇಡಿ. ದಿಶಾಂಕ್ ಆ್ಯಪ್ ಹಾಕ್ಕೊಂಡು ಜಾಗದಲ್ಲಿ ನಿಂತು ಸರ್ವೆ ನಂಬರ್ ನೋಡಿ, ಪಹಣಿ ಜೊತೆ ತಾಳೆ ಹಾಕಿ, ಹಳ್ಳ, ಕಾಲುವೆ, ಖರಾಬು (ಸಾಗುವಳಿಗೆ ಬಾರದ ಜಾಗ) ಎಲ್ಲೆಲ್ಲಿ ಹೋಗಿದೆ ಅಂತ ಸರ್ವೆ ನಕ್ಷೆಯಲ್ಲಿ ನೋಡಿ. ಕೃಷಿ ಜಮೀನಲ್ಲಿ ಮನೆ ಕಟ್ಟೋಕೆ 1964ರ ಭೂ ಕಂದಾಯ ಕಾಯ್ದೆ 95ನೇ ಸೆಕ್ಷನ್ ಪ್ರಕಾರ ಎನ್‌ಎ (ಕೃಷಿಯೇತರ ಅಂತ ಪರಿವರ್ತನೆ) ಆಗಿರ್ಬೇಕು, ಪಂಚಾಯ್ತಿ ಜಾಗ ಆದ್ರೆ ಇ-ಸ್ವತ್ತು (ಪಂಚಾಯ್ತಿಯ ಆನ್‌ಲೈನ್ ಆಸ್ತಿ ದಾಖಲೆ) ಬೇಕು, 30 ವರ್ಷದ ಇಸಿ (ಋಣಭಾರ ಪತ್ರ) ತೆಗೆಸಿ, ಇದೆಲ್ಲಾ ವಕೀಲರೂ ಹೇಳ್ತಾರೆ. ಲೇಔಟ್ ಜಾಗ 500 ಚದರ ಮೀಟರ್‌ಗಿಂತ ಜಾಸ್ತಿ ಇದ್ರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಆಗಿದೆಯಾ ಕೇಳಿ, ನಂಬರ್ ತಗೊಂಡು ನೀವೇ ವೆಬ್‌ಸೈಟಲ್ಲಿ ಹಾಕಿ ನೋಡಿ.

ಸಮುದ್ರ, ಅಳಿವೆ ಹತ್ರ ಆದ್ರೆ ಸಿಆರ್‌ಝಡ್, ಅಂದ್ರೆ ಕರಾವಳಿ ನಿಯಂತ್ರಣ ವಲಯದ ನಿಯಮ ನೋಡ್ಬೇಕು. 2019ರ ಅಧಿಸೂಚನೆ ಪ್ರಕಾರ ಹಳ್ಳಿ ಕಡೆ ಉಬ್ಬರದ ಗೆರೆಯಿಂದ 200 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟೋ ಹಂಗಿಲ್ಲ. 2011ರ ಜನಗಣತಿಯಲ್ಲಿ ಚದರ ಕಿಲೋಮೀಟರಿಗೆ 2161ಕ್ಕಿಂತ ಜಾಸ್ತಿ ಜನ ಇರೋ ಕಡೆ ಮಾತ್ರ ಅದು 50 ಮೀಟರ್. ಉಪ್ಪುನೀರು ಏರಿ ಇಳಿಯೋ ಹೊಳೆ, ಕೋಡಿ ದಂಡೆಯಲ್ಲಿ 50 ಮೀಟರ್ ಅಥವಾ ಆ ಹೊಳೆ ಎಷ್ಟು ಅಗಲ ಇದೆಯೋ ಅಷ್ಟು, ಎರಡರಲ್ಲಿ ಯಾವುದು ಕಮ್ಮಿಯೋ ಅದು. ಬೀಚ್ ಫೇಸಿಂಗ್ ಅಂತ ತೋರ್ಸೋ ಎಷ್ಟೋ ಜಾಗ ಈ ಗೆರೆ ಒಳಗೇ ಬರ್ತಾವೆ. ಉಬ್ಬರದ ಗೆರೆ ಅಂದ್ರೆ ಏಜೆಂಟ್ ಕೈ ತೋರ್ಸಿದ ಅಲೆ ಅಲ್ಲ, ಮ್ಯಾಪ್ ಮೇಲೆ ಎಳೆದಿರೋ ಗೆರೆ, ಅದನ್ನ ಕಾರವಾರದಲ್ಲಿರೋ ಪರಿಸರ ಇಲಾಖೆ ಕಚೇರಿಗೆ ಸರ್ವೆ ನಂಬರ್ ಹಿಡ್ಕೊಂಡು ಹೋಗಿ ಕೇಳಿ. ಅಘನಾಶಿನಿ ಬದಿಯ ಗಜನಿ ಭೂಮಿ ಬಗ್ಗೆ ಬೇರೆನೇ ಹೇಳ್ಬೇಕು ನಂಗೆ. ಉಪ್ಪುನೀರು ತಡ್ಕೊಂಡು ಕಗ್ಗ ಭತ್ತ ಬೆಳಿಯೋ ನೆಲ ಅದು, ಹೊಳೆ ಉಕ್ಕಿದಾಗ ನೀರು ಹರಡ್ಕೊಂಡು ನಿಲ್ಲೋ ಜಾಗ, ಸಿಗಡಿ ಮೀನು ಮರಿ ಬೆಳಿಯೋ ಜಾಗ. ಅದನ್ನ ತುಂಬಿ ರೆಸಾರ್ಟ್ ಮಾಡಿದ್ರೆ ಆ ನೀರು ಪಕ್ಕದ ಕೇರಿಗೆ ನುಗ್ಗಲೇಬೇಕು, ಅದಕ್ಕೆ ಬೇರೆ ಜಾಗ ಇಲ್ಲ. ಕಾಂಡ್ಲಾ ಗಿಡ (ಮ್ಯಾಂಗ್ರೋವ್) ಕಡಿಯೋದೂ ಅಷ್ಟೇ, ದಂಡೆ ಹಿಡ್ಕೊಂಡಿರೋದು ಅದೇ.

ಸರಿ, ಜಾಗ ತಗೊಂಡ್ರಿ ಅಂತಿಟ್ಕೊಳ್ಳಿ. ಮೊದಲ ದಿನ ಜೆಸಿಬಿ ಕರೀಬೇಡಿ. ಒಂದು ಕಾಗದದ ಮೇಲೆ ಇರೋ ಮರ, ಬಾವಿ, ಗೂಟ ಹೊಡೆದ ನೀರಿನ ದಾರಿ, ಎತ್ತರ ತಗ್ಗು ಎಲ್ಲಾ ಗುರುತು ಮಾಡಿ. ಮನೆ ಬರ್ಬೇಕಾದ್ದು ಎತ್ತರದ ಗಟ್ಟಿ ನೆಲದಲ್ಲಿ, ತಗ್ಗು ಜಾಗ ತೆಂಗು ಬಾಳೆಗೆ ಬಿಡಿ. ಇಳಿಜಾರು ಇದ್ರೆ ನೆಲ ಸಪಾಟು ಮಾಡೋ ಬದ್ಲು ಮನೆಯನ್ನೇ ಎರಡು ಮಟ್ಟದಲ್ಲಿ ಕಟ್ಟಿ, ನಾಲ್ಕು ಮೆಟ್ಟಿಲು ಒಳಗೆ ಬರ್ತದೆ ಅಷ್ಟೇ, ಹಳೇ ಮನೆಗಳೆಲ್ಲಾ ಹಂಗೇ ಇದ್ವು. ಮರ ಕಡಿಯೋಕೆ 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ಅರಣ್ಯ ಇಲಾಖೆ ಪರ್ಮಿಶನ್ ಬೇಕಾಗ್ತದೆ, ಆದ್ರೆ ಪರ್ಮಿಶನ್ ಸಿಗ್ತದೆ ಅಂತ ಕಡೀಬೇಡಿ. ಪಶ್ಚಿಮಕ್ಕಿರೋ ಒಂದು ಹಲಸಿನ ಮರ ಮಧ್ಯಾಹ್ನದ ಮೇಲಿನ ಬಿಸಿಲನ್ನ ಗೋಡೆಗೆ ಬಿಡಲ್ಲ, ನಮ್ಮನೆ ಆ ಬದಿ ಕೋಣೆಗೆ ಇವತ್ತಿಗೂ ಏಸಿ ಬೇಕಾಗಿಲ್ಲ.

ಗೋಡೆಗೆ ಚಿರೆಕಲ್ಲು. ಹತ್ತಿಪ್ಪತ್ತು ಕಿಲೋಮೀಟರಲ್ಲೇ ಸಿಗ್ತದೆ, ಸುಡ್ಬೇಕಾಗಿಲ್ಲ, ದೂರದಿಂದ ಲಾರಿ ಬರ್ಬೇಕಾಗಿಲ್ಲ. ಕಣಿಯಿಂದ ಆಗಷ್ಟೇ ತೆಗೆದ ಕಲ್ಲು ಮೆತ್ತಗಿರ್ತದೆ, ಉಗುರಲ್ಲಿ ಕೆರೆದ್ರೆ ಕೆಂಪು ಪುಡಿ ಕೈಗೆ ಬರ್ತದೆ, ಗಾಳಿ ಬಿಸಿಲಿಗೆ ಇಟ್ಟಷ್ಟೂ ಗಟ್ಟಿ ಆಗ್ತದೆ, ಅದಕ್ಕೆ ಹಿಂದಿನವ್ರು ಕಲ್ಲು ತಂದು ಒಂದು ಬೇಸಿಗೆ ಅಂಗಳದಲ್ಲಿ ಒಟ್ಟಿ ಇಡ್ತಿದ್ರು. ಕಲ್ಲು ಆರಿಸೋವಾಗ ಒಂದನ್ನ ಎತ್ತಿ ಇನ್ನೊಂದಕ್ಕೆ ತಟ್ಟಿ ನೋಡಿ, ಬಿಳಿ ಶೇಡಿ ಗಂಟು ಜಾಸ್ತಿ ಇರೋದು ಮಳೆಗೆ ತೊಳೆದು ಹೋಗ್ತದೆ, ಅಂಥದ್ದನ್ನ ವಾಪಸ್ ಕಳ್ಸಿ. ಕಣಿ ಪರ್ಮಿಟ್ ಇರೋದೇ ಆಗ್ಲಿ, ಗುಡ್ಡದ ತಲೆ ಮೇಲೆ ಹೊಂಡ ಬಿಟ್ಟು ಹೋಗೋ ಕಳ್ಳ ಕಣಿ ಕಲ್ಲು ಬೇಡ. ಮಾಡು (ಸೂರು) ಮೂರಡಿ ಮುಂದೆ ಚಾಚಿದ್ರೆ ಗೋಡೆಗೆ ಹೊರಗಡೆ ಸಿಮೆಂಟ್ ಗಿಲಾಯಿನೇ ಬೇಡ. ನಮ್ಮ ಮಳೆ ನೆಟ್ಟಗೆ ಬೀಳಲ್ಲ, ಗಾಳಿ ಜೊತೆ ಅಡ್ಡ ಹೊಡೀತದೆ, ಅದಕ್ಕೇ ಹಳೇ ಮನೆಗೆ ಜೂನ್ ಬರೋ ಮುಂಚೆ ಮಡಲಿನ ತಟ್ಟಿ ಕಟ್ತಿದ್ರು. ಬಾಕ್ಸ್ ಹಂಗೆ ಇರೋ ಫ್ಲಾಟ್ ಆರ್‌ಸಿಸಿ ಮನೆಗೆ ಸಜ್ಜಾನೂ ಇಲ್ದೆ ಕಟ್ಟಿ ಎರಡನೇ ವರ್ಷಕ್ಕೆ ಪಾಚಿ, ಐದನೇ ವರ್ಷಕ್ಕೆ ಮೇಲೆ ತಗಡಿನ ಶೀಟ್ ಹಾಕಿದವ್ರನ್ನ ಕಾರವಾರದಿಂದ ಭಟ್ಕಳದವರೆಗೂ ನೋಡ್ಬಹುದು. ಮೊದ್ಲೇ ಹೆಂಚು ಹಾಕಿದ್ರೆ ಆ ಎರಡನೇ ಖರ್ಚು ಇರ್ತಿರ್ಲಿಲ್ಲ. ಹಳೇ ಮನೆ ಕೆಡವೋ ಕಡೆ ಮಂಗಳೂರು ಹೆಂಚು, ಬಾಗಿಲು, ಕಿಟಕಿ, ತೊಲೆ ಒಳ್ಳೆ ಸ್ಥಿತಿಯಲ್ಲಿ ಸಿಗ್ತಾವೆ, ನಾನು ಮಾಡಿದ ಹೊಸ ಕೋಣೆಗೆ ಹಾಕಿದ್ದು ಅದೇ.

ಸ್ಲ್ಯಾಬ್ ಬೇಕೇ ಬೇಕು ಅನ್ನೋರು ವಾಸ್ತುಶಿಲ್ಪಿ ಲಾರಿ ಬೇಕರ್ ಅವ್ರು ಕೇರಳದಲ್ಲಿ ರೂಢಿಗೆ ತಂದ ಫಿಲ್ಲರ್ ಸ್ಲ್ಯಾಬ್ ಬಗ್ಗೆ ಇಂಜಿನಿಯರ್ ಹತ್ರ ಕೇಳಿ, ಕಾಂಕ್ರೀಟ್ ಕೆಲಸ ಮಾಡದ ಕೆಳಭಾಗದಲ್ಲಿ ಹಳೇ ಹೆಂಚು ಇಟ್ಟು ಸಿಮೆಂಟ್ ಉಳ್ಸೋ ವಿಧಾನ ಅದು. ಸಮುದ್ರದ ಗಾಳಿ ತಾಗೋ ಕಡೆ ಕಾಂಕ್ರೀಟ್ ವಿಷಯದಲ್ಲಿ ಚೌಕಾಶಿ ಬೇಡ. ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಕರಾವಳಿ ಗಾಳಿಗೆ ತೆರೆದಿರೋ ಆರ್‌ಸಿಸಿಗೆ ಎಂ30 ಗ್ರೇಡ್, ಕಬ್ಬಿಣದ ಮೇಲೆ 45 ಮಿಲಿಮೀಟರ್ ಕಾಂಕ್ರೀಟ್ ಕವರ್ ಇರ್ಬೇಕು. ನಮ್ಮ ಕಡೆ ಒಬ್ಬ ಕಂಟ್ರಾಕ್ಟರ್ ನಮ್ಮ ಮಾವನ ಮನೆಗೆ ಅಳಿವೆ ಮರಳನ್ನ ತೊಳೀದೆ ಹಾಕಿ ಸಜ್ಜಾ ಹಾಕಿದ್ದ, ಎಂಟನೇ ವರ್ಷಕ್ಕೆ ಸಜ್ಜಾ ಕೆಳಗಿಂದ ಕಾಂಕ್ರೀಟ್ ಚಕ್ಕೆ ಚಕ್ಕೆಯಾಗಿ ಉದುರಿ ಕೆಂಪಗೆ ಊದಿದ ಕಬ್ಬಿಣ ಹೊರಗೆ ಬಂತು. ಉಪ್ಪು ಒಳಗೇ ಇದ್ರೆ ಮೇಲೆ ಯಾವ ಪೇಂಟ್ ಹೊಡೆದ್ರೂ ನಿಲ್ಲಲ್ಲ. ಸ್ಲ್ಯಾಗ್ ಸಿಮೆಂಟ್ ಸಿಕ್ರೆ ಅದನ್ನೇ ಹಾಕಿ, ಉಕ್ಕಿನ ಕಾರ್ಖಾನೆಯ ತ್ಯಾಜ್ಯ ಬಳಕೆ ಆಗ್ತದೆ, ಉಪ್ಪಿಗೂ ಚೆನ್ನಾಗಿ ತಡ್ಕೊಳ್ತದೆ, ಕ್ಯೂರಿಂಗ್ ಮಾತ್ರ ಸ್ವಲ್ಪ ಜಾಸ್ತಿ ದಿನ ಮಾಡಿ. ಅರವತ್ತು ವರ್ಷ ನಿಲ್ಲೋ ಮನೆಗಿಂತ ಹಸಿರು ಮನೆ ಇಲ್ಲ ಅಂತ ನನ್ನ ನಂಬಿಕೆ, ಇಪ್ಪತ್ತು ವರ್ಷಕ್ಕೆ ಕೆಡವೋ ಮನೆಗೆ ಎಷ್ಟು ಸರ್ಟಿಫಿಕೇಟ್ ಇದ್ರೂ ಅಷ್ಟೇ.

ಮಳೆನೀರಿನ ಲೆಕ್ಕ ಎಲ್ರಿಗೂ ಬರ್ಬೇಕು, ಸುಲಭ ಇದೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ರೆ ಒಂದು ಲೀಟರ್. 100 ಚದರ ಮೀಟರ್ ಮಾಡಿಗೆ 3000 ಮಿಲಿಮೀಟರ್ ಮಳೆ ಅಂದ್ರೆ ಮೂರು ಲಕ್ಷ ಲೀಟರ್, ಐದರಲ್ಲಿ ಒಂದು ಭಾಗ ಹಾಳಾಯ್ತು ಅಂದ್ರೂ 2,40,000 ಲೀಟರ್. ಐದು ಜನರ ಮನೆಗೆ ಕುಡಿಯೋಕೆ ಅಡಿಗೆಗೆ ದಿನಕ್ಕೆ 25 ಲೀಟರ್ ಹಿಡೀರಿ, ಫೆಬ್ರವರಿಯಿಂದ ಮೇವರೆಗೆ 120 ದಿನಕ್ಕೆ 3000 ಲೀಟರ್ ಆಯ್ತು. ಅಂದ್ರೆ 5000 ಲೀಟರಿನ ಮುಚ್ಚಿದ ಒಂದು ಟ್ಯಾಂಕ್ ಇದ್ರೆ ಬಾವಿ ಸವಳಾದ ವರ್ಷನೂ ಕುಡಿಯೋ ನೀರಿಗೆ ಟ್ಯಾಂಕರ್ ಕಾಯೋದು ಬೇಡ. ಜೂನ್ ಮೊದಲ ಎರಡು ಮೂರು ಮಳೆ ಬಿಟ್ಬಿಡಿ, ಮಾಡು ತೊಳೆದು ಹೋಗ್ಲಿ, ಆಮೇಲೆ ದೋಣಿ ಪೈಪಿಂದ ಜಲ್ಲಿ, ಇದ್ದಿಲು, ಮರಳಿನ ಫಿಲ್ಟರ್ ಮೂಲಕ ತುಂಬ್ಸಿ, ಕುಡಿಯೋಕೆ ಕುದ್ಸಿಯೇ ಬಳಸಿ. ಟ್ಯಾಂಕ್ ತುಂಬಿ ಮಿಕ್ಕಿದ್ದನ್ನ ಚರಂಡಿಗೆ ಬಿಡ್ಬೇಡಿ, ಅದೇ ಫಿಲ್ಟರಿಂದ ಬಾವಿಗೋ, ಬಾವಿ ಪಕ್ಕ ತೋಡಿದ ಇಂಗುಬಾವಿಗೋ ಬಿಡಿ. ಅಂಗಳಕ್ಕೆ ಪೂರ್ತಿ ಇಂಟರ್‌ಲಾಕ್ ಹಾಕ್ಬೇಡಿ, ಕಾರು ನಿಲ್ಲೋ ಜಾಗಕ್ಕೆ ಎರಡು ಪಟ್ಟಿ ಕಲ್ಲು ಸಾಕು.

ಪಾಯಿಖಾನೆ ಗುಂಡಿ ಬಾವಿಯಿಂದ ಕನಿಷ್ಠ 50 ಅಡಿ ದೂರ, ಇಳಿಜಾರಿನ ಕೆಳಬದಿಯಲ್ಲಿ ಇರ್ಲಿ. ಚಿರೆಕಲ್ಲಿನ ನೆಲದಲ್ಲಿ ಸಂದುಗಳು ಜಾಸ್ತಿ, ಕೊಳಕು ನೀರು ಸೋಸಿ ಹೋಗೋ ಬದ್ಲು ಓಡಿಹೋಗ್ತದೆ. ನಿಮ್ಮ ಬಾವಿ ಅಷ್ಟೇ ನೋಡ್ಬೇಡಿ, ಪಕ್ಕದವ್ರ ಬಾವಿಯಿಂದನೂ ಅಳತೆ ಹಿಡೀರಿ, ಐದು ಗುಂಟೆ ಸೈಟುಗಳಲ್ಲಿ ಜಗಳ ಆಗೋದು ಇಲ್ಲೇ. ಸಮುದ್ರ ಹತ್ರ ಮಳೆಗಾಲದಲ್ಲಿ ಮೂರಡಿಗೇ ನೀರು ಸಿಗೋ ಜಾಗದಲ್ಲಿ ಇಂಗುಗುಂಡಿ ಪಾಯಿಖಾನೆ ಆಗಲ್ಲ, ತಳ ಮುಚ್ಚಿದ ಸೆಪ್ಟಿಕ್ ಟ್ಯಾಂಕ್ ಮಾಡಿ ಅದರ ನೀರನ್ನ ಎತ್ತರಿಸಿದ ಜಲ್ಲಿ ಪಾತಿಗೆ ಬಿಟ್ಟು ಕಾಬಾಳೆ ಹಚ್ಚಿ. ಬಚ್ಚಲ ನೀರು ಬಾಳೆ ಬುಡಕ್ಕೆ, ಅದನ್ನ ನಮ್ಮೋರಿಗೆ ಹೇಳ್ಕೊಡೋದೇ ಬೇಡ.

ಸೋಲಾರ್ ಹಾಕೋದಾದ್ರೆ 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಒಂದು ಕಿಲೋವ್ಯಾಟಿಗೆ 30,000, ಎರಡಕ್ಕೆ 60,000, ಮೂರು ಅಥವಾ ಜಾಸ್ತಿಗೆ 78,000 ರೂಪಾಯಿ ಸಬ್ಸಿಡಿ ಇದೆ, ಹೆಸ್ಕಾಂ ಗ್ರಿಡ್‌ಗೆ ಜೋಡಿಸ್ಕೊಳ್ಳಿ, ಜೂನ್ ಜುಲೈ ಆಗಸ್ಟ್‌ನಲ್ಲಿ ಏನೂ ದೊಡ್ಡ ನಿರೀಕ್ಷೆ ಇಟ್ಕೋಬೇಡಿ.

ಇನ್ನು ನೀವೇ ಎರಡು ಮೂರು ಎಕರೆ ಲೇಔಟ್ ಮಾಡೋರಾದ್ರೆ, ಅಪ್ಪನ ಜಮೀನನ್ನ ಸೈಟ್ ಮಾಡಿ ಮಾರೋ ಹುಡುಗ್ರು ಈಗ ತುಂಬಾ ಇದ್ದೀರಿ, ನಿಮ್ಮ ಕೈಯಲ್ಲಿ ಒಂದು ಮನೆಯವನಿಗಿಂತ ಹತ್ತು ಪಾಲು ಜಾಸ್ತಿ ಇದೆ. ಹಳ್ಳ, ಕಾಲುವೆ ಇದ್ರೆ ಅದರ ಎರಡೂ ಬದಿ ಜಾಗ ಬಿಟ್ಟು ಸೈಟ್ ನಂಬರ್ ಹಾಕಿ, ಎರಡು ಸೈಟ್ ಕಮ್ಮಿ ಆಗ್ತದೆ, ಆಗ್ಲಿ. ಹನ್ನೆರಡು ಬೋರ್ ಬದ್ಲು ಎತ್ತರದ ಕಡೆ ಒಂದೇ ತೆರೆದ ಬಾವಿ, ಒಂದೇ ಟ್ಯಾಂಕ್, ಮನೆಮನೆಗೆ ಮೀಟರ್. ಕೊಳಚೆ ನೀರಿಗೆ ಎಲ್ರಿಗೂ ಸೇರಿ ಒಂದೇ ಕಡೆ ವ್ಯವಸ್ಥೆ ಮಾಡಿ. ಖಾಸಗಿ ಬೋರ್ ಹಾಕೋ ಹಂಗಿಲ್ಲ, ಕಾಲುವೆ ಮುಚ್ಚೋ ಹಂಗಿಲ್ಲ ಅಂತ ಮಾರಾಟದ ಕರಾರಿನಲ್ಲೇ ಬರೀರಿ, ಬಾಯಿ ಮಾತು ಎರಡನೇ ಮಾಲೀಕನಿಗೆ ತಲುಪಲ್ಲ. ರಸ್ತೆ ಕೆಳಗೆ ಮೋರಿ ಹಾಕೋವಾಗ ಬೇಸಿಗೆ ಕಾಲುವೆ ಅಗಲ ನೋಡಿ ಪೈಪ್ ತರ್ಬೇಡಿ. ನಮ್ಮ ಪಕ್ಕದ ಲೇಔಟ್‌ನವ್ರ ಜೊತೆ ಮೂರು ಸಲ ಕೂತು ಮಾತಾಡಿದ್ಮೇಲೆ ಕೊನೆಗೆ ಅವ್ರೂ ಒಪ್ಪಿ, ಎಲ್ರೂ ದುಡ್ಡು ಹಾಕಿ, ರಸ್ತೆ ಅಗೆದು ಮೂರಡಿ ಪೈಪ್ ಎರಡು ಸಾಲು ಕೂರ್ಸಿದ್ವಿ, ಮುಚ್ಚಿದ ಕಾಲುವೆನ ಅರ್ಧ ಬಿಡಿಸ್ಕೊಂಡ್ವಿ. ಹೋದ ಮಳೆಗಾಲ ನೀರು ಅಂಗಳಕ್ಕೆ ಬರ್ಲಿಲ್ಲ. ಬಾವಿ ಇನ್ನೂ ಪೂರ್ತಿ ಸುಧಾರಿಸಿಲ್ಲ, ಮೇನಲ್ಲಿ ಈಗಲೂ ನಾಲಿಗೆಗೆ ಉಪ್ಪು ತಾಗ್ತದೆ.

ಕೊನೇದಾಗಿ, ಮೇನಲ್ಲಿ ಜಾಗ ನೋಡೋಕೆ ಹೋಗೋವಾಗ ತೊಳೆದ ಒಂದು ಲೀಟರ್ ಬಾಟ್ಲಿ ಹಿಡ್ಕೊಂಡು ಹೋಗಿ. ಹತ್ತಿರದ ಬಾವಿ ನೀರು ತುಂಬಿ ಕುಡಿಯೋ ನೀರಿನ ಲ್ಯಾಬಿಗೆ ಕೊಡಿ, ಕ್ಲೋರೈಡ್ ಮತ್ತೆ ಟಿಡಿಎಸ್ (ನೀರಲ್ಲಿ ಕರಗಿದ ಒಟ್ಟು ಘನಾಂಶ) ನೋಡ್ಸಿ. ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ಒಳಗೆ, ಟಿಡಿಎಸ್ 500ರ ಒಳಗೆ ಇದ್ರೆ ಒಳ್ಳೆ ನೀರು. ಬೇರೆ ನೀರೇ ಇಲ್ಲ ಅನ್ನೋ ಕಡೆ 1000 ಮತ್ತೆ 2000 ಗರಿಷ್ಠ ಮಿತಿ. ಆ ರಿಪೋರ್ಟ್ ಕೈಗೆ ಬಂದ್ಮೇಲೆ ರೇಟ್ ಮಾತಾಡೋಕೆ ಕೂತ್ಕೊಳ್ಳಿ.